ತುರಿಕೆಗೆಲ್ಲ ಒಂದೇ ಟ್ಯೂಬ್ ಬೇಡ



ನಮ್ಮವರ ಯಾವುದೇ ಹೋಟೆಲಿನ ಗಲ್ಲಾದ ಡ್ರಾಯರ್ ಎಳೆದು ನೋಡಿ. ಬಿಲ್ ಬುಕ್, ರಬ್ಬರ್ ಬ್ಯಾಂಡ್, ತಲೆನೋವಿನ ಮಾತ್ರೆಗಳ ನಡುವೆ ಅರ್ಧ ಖಾಲಿಯಾದ ಒಂದು ಮುಲಾಮಿನ ಟ್ಯೂಬ್ ಹೆಚ್ಚಾಗಿ ಇದ್ದೇ ಇರುತ್ತದೆ. ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗನ ಕೈ ತುರಿಸಿದರೆ ಅದೇ ಟ್ಯೂಬ್. ಭಟ್ಟಿಯ ಮುಂದೆ ನಿಲ್ಲುವವನ ತೊಡೆಸಂದಿನಲ್ಲಿ ಕೆಂಪು ಬಳೆ ಎದ್ದರೆ ಅದೇ ಟ್ಯೂಬ್. ರಾತ್ರಿ ರೂಮಿನಲ್ಲಿ ನಾಲ್ಕು ಜನ ಒಟ್ಟಿಗೆ ಮೈ ಕೆರೆದುಕೊಂಡರೂ ಅದೇ ಟ್ಯೂಬ್. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಹುಡುಗ ಕೆಲಸಕ್ಕೆ ಬರುತ್ತಾನೆ, ನಮಗೂ ನೆಮ್ಮದಿ. ಆದರೆ ತಿಂಗಳು ಕಳೆಯುವುದರೊಳಗೆ ರೋಗ ಇಮ್ಮಡಿಯಾಗಿ ತಿರುಗಿ ಬಂದಿರುತ್ತದೆ.

ಈ ಟ್ಯೂಬಿನೊಳಗೆ ಇರುವುದು ಬಹಳ ಸಲ ಸ್ಟೀರಾಯ್ಡ್ ಎಂಬ ಮದ್ದು. ನಾವು ವೈದ್ಯರಲ್ಲ, ಹೋಟೆಲ್ ನಡೆಸುವವರು. ಆದರೂ ಹತ್ತಿಪ್ಪತ್ತು ಜನರನ್ನು ಒಂದೇ ಸೂರಿನಡಿ ಇಟ್ಟು ದುಡಿಸುವವರು ಈ ಮದ್ದಿನ ಗುಣ ದೋಷ ಎರಡನ್ನೂ ಅರಿತಿರಬೇಕು. ಸರಿಯಾದ ರೋಗಕ್ಕೆ, ಸರಿಯಾದ ಅಳತೆಯಲ್ಲಿ ಹಚ್ಚಿದರೆ ಇದರಷ್ಟು ಒಳ್ಳೆಯ ಮುಲಾಮು ಇಲ್ಲ. ತಪ್ಪು ರೋಗಕ್ಕೆ ಹಚ್ಚಿದರೆ ಇದೇ ರೋಗವನ್ನು ಸಾಕುತ್ತದೆ.

ಸ್ಟೀರಾಯ್ಡ್ ಎಂದರೇನು?

ನಮ್ಮ ಮೂತ್ರಪಿಂಡಗಳ ಮೇಲ್ಭಾಗದಲ್ಲಿ ಅಡ್ರಿನಲ್ ಎಂಬ ಎರಡು ಚಿಕ್ಕ ಗ್ರಂಥಿಗಳಿವೆ. ಅವು ತಯಾರಿಸುವ ರಸಗಳಲ್ಲಿ ಒಂದು ದೇಹದೊಳಗಿನ ಉರಿಯೂತವನ್ನು ಹದ್ದಿನಲ್ಲಿಡುತ್ತದೆ. ಆ ಗ್ರಂಥಿಯ ರಸಗಳನ್ನು ಕಂಡುಹಿಡಿದು ಅವುಗಳ ಗುಣವನ್ನು ತಿಳಿಸಿದ ಕೆಂಡಲ್, ರೈಕ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂತು. 1952ರಲ್ಲಿ ಅಮೆರಿಕದ ಚರ್ಮ ವೈದ್ಯರು ಹೈಡ್ರೋಕಾರ್ಟಿಸೋನನ್ನು ಮುಲಾಮಿನ ರೂಪದಲ್ಲಿ ಚರ್ಮಕ್ಕೆ ಹಚ್ಚಿ ಗುಣ ಕಂಡದ್ದನ್ನು ಪ್ರಕಟಿಸಿದರು. ಇಸುಬಿನಿಂದ ನರಳುವವರಿಗೆ ಅಲ್ಲಿಂದ ಮುಂದೆ ಒಂದು ದಾರಿ ಸಿಕ್ಕಿತು.

ಈ ಮುಲಾಮು ಚರ್ಮದ ಕೆಳಗಿನ ರಕ್ತನಾಳಗಳನ್ನು ಕುಗ್ಗಿಸಿ ಕೆಂಪನ್ನು ಇಳಿಸುತ್ತದೆ. ಜೊತೆಗೆ, ದೇಹದ ಕಾವಲು ಪಡೆಯ ಆವೇಶವನ್ನು ತಗ್ಗಿಸುತ್ತದೆ. ಇಸುಬಿನಲ್ಲಿ ಕಾವಲು ಪಡೆ ಕಾರಣಕ್ಕಿಂತ ಹೆಚ್ಚು ಕೆರಳಿ ನಮ್ಮದೇ ಚರ್ಮವನ್ನು ಸುಡುತ್ತಿರುತ್ತದೆ. ಹಾಗಾಗಿ ಅಲ್ಲಿ ಇದು ಸರಿಯಾದ ಮದ್ದು. ಆದರೆ ಬೂಷ್ಟಿನ ಸೋಂಕು ಅಥವಾ ಹುಳದ ಕಾಟ ಇದ್ದಾಗ ಕಾವಲು ಪಡೆ ನಿಜವಾದ ಶತ್ರುವಿನೊಡನೆ ಹೋರಾಡುತ್ತಿರುತ್ತದೆ. ಆಗ ಅದನ್ನು ಮಲಗಿಸಿದರೆ ಯಾರಿಗೆ ಲಾಭ? ಸೌದೆಗೆ ಹತ್ತಿದ ಬೆಂಕಿಗೆ ನೀರು ಹಾಕಬೇಕು, ಬಾಣಲೆಯ ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಹಾಕಬಾರದು ಎಂಬುದು ನಮ್ಮ ಅಡುಗೆಯವರೆಲ್ಲರಿಗೂ ಗೊತ್ತು. ಇದೂ ಹಾಗೆಯೇ.

ನಮ್ಮ ಹೋಟೆಲುಗಳಲ್ಲಿ ಕಾಣುವ ಮೂರು ತುರಿಕೆಗಳು

ಮೊದಲನೆಯದು ಕೈಯ ಇಸುಬು. ನೀರು, ಸೋಪಿನ ಪುಡಿ, ಸೋಡಾ, ನಿಂಬೆ, ಈರುಳ್ಳಿ ಇವುಗಳಲ್ಲಿ ದಿನವಿಡೀ ಕೈ ಅದ್ದಿ ಕೆಲಸ ಮಾಡುವವರಿಗೆ ಬರುವಂಥದ್ದು. ದಿನಕ್ಕೆ 2 ಗಂಟೆಗಿಂತ ಹೆಚ್ಚು ಕೈ ಒದ್ದೆಯಾಗಿರುವ ಕೆಲಸವನ್ನು ಜರ್ಮನಿಯ ಕಾರ್ಮಿಕ ನಿಯಮಗಳು ಚರ್ಮಕ್ಕೆ ಅಪಾಯದ ಕೆಲಸವೆಂದು ಎಣಿಸುತ್ತವೆ. ನಮ್ಮ ಮೋರಿಯ ಹುಡುಗರು ಬೆಳಿಗ್ಗೆಯ ತಿಂಡಿಯ ಹೊತ್ತಿಗೇ ಆ ಲೆಕ್ಕ ದಾಟಿರುತ್ತಾರೆ. ಮೊದಲು ಬೆರಳ ಸಂದು ಒಣಗುತ್ತದೆ, ಆಮೇಲೆ ಕೆಂಪಾಗಿ ತುರಿಸುತ್ತದೆ, ಕೊನೆಗೆ ಬಿರಿದು ರಕ್ತ ಬರುತ್ತದೆ. ಬೆಳ್ಳುಳ್ಳಿ ಸುಲಿಯುವವರಲ್ಲಿ ಇನ್ನೊಂದು ಬಗೆ ಇದೆ. ಬೆಳ್ಳುಳ್ಳಿಯನ್ನು ಹಿಡಿಯುವ ಕೈಯ, ಅಂದರೆ ಬಲಗೈಯಲ್ಲಿ ಚೂರಿ ಹಿಡಿಯುವವರಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿಗಳು ಮಾತ್ರ ದಡ್ಡುಗಟ್ಟಿ ಬಿರಿಯುತ್ತವೆ. ಬೆಳ್ಳುಳ್ಳಿಯ ಘಾಟಿನಲ್ಲಿರುವ ರಾಸಾಯನಿಕ ಮಾಮೂಲಿ ರಬ್ಬರ್ ಗ್ಲೌಸನ್ನೂ ದಾಟಿ ಹೋಗುತ್ತದೆ. ಆದ್ದರಿಂದ ಅಂಥವರನ್ನು ಆ ಕೆಲಸದಿಂದಲೇ ಬಿಡಿಸಬೇಕು. ಈ ಇಸುಬಿಗೆ ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಡುತ್ತಾರೆ, ಅದು ಕೆಲಸವನ್ನೂ ಮಾಡುತ್ತದೆ.

ಎರಡನೆಯದು ಗಜಕರ್ಣ, ಹುಳುಕಡ್ಡಿ ಎಂದೂ ಹೇಳುತ್ತೇವೆ. ಹೆಸರಿನಲ್ಲಿ ಹುಳು ಇದ್ದರೂ ಇದು ಬೂಷ್ಟಿನ ಜಾತಿಯ ಸೋಂಕು. ಸೊಂಟ, ತೊಡೆಸಂದು, ಪೃಷ್ಠ, ಕಂಕುಳಲ್ಲಿ ಉಂಗುರದಂತೆ ಎದ್ದು, ಅಂಚು ಕೆಂಪಾಗಿ ನಡುವೆ ತಿಳಿಯಾಗಿ ಹಬ್ಬುತ್ತದೆ. ಭಟ್ಟಿಯ ಸೆಕೆ, ಬೆವರು, ಬಿಗಿಯಾದ ಜೀನ್ಸ್, ಒಬ್ಬರ ಟವೆಲ್ ಇನ್ನೊಬ್ಬರು ಬಳಸುವುದು, ಇವೆಲ್ಲ ಇದಕ್ಕೆ ಹಬ್ಬದೂಟ. ಇದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಎರಡು ದಿನ ತುರಿಕೆ, ಕೆಂಪು ಎರಡೂ ಇಳಿಯುತ್ತವೆ. ಒಳಗೊಳಗೆ ಬೂಷ್ಟು ಮಾತ್ರ ಅಡ್ಡಿಯಿಲ್ಲದೆ ಬೆಳೆಯುತ್ತದೆ. ಉಂಗುರದ ಆಕಾರವೂ ಅಳಿಸಿಹೋಗಿ, ನುರಿತ ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ವೇಷ ಮರೆಸಿಕೊಂಡ ಗಜಕರ್ಣ ಎಂಬ ಅರ್ಥದ ಹೆಸರನ್ನೇ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಇಟ್ಟಿದ್ದಾರೆ. ಕಳೆದ ಹತ್ತು ಹನ್ನೆರಡು ವರ್ಷಗಳಿಂದ ನಮ್ಮ ದೇಶದಲ್ಲಿ ಹಟಮಾರಿ ಗಜಕರ್ಣ ಹಬ್ಬಿದೆ. ಅದಕ್ಕೆ ಕಾರಣವಾದ ಬೂಷ್ಟಿಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೊಸ ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಸೇರಿಕೊಂಡಿದೆ. ಹಳೆಯ ಮದ್ದುಗಳಿಗೆ ಇದು ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಚೀಟಿಯಿಲ್ಲದೆ ಕೊಂಡು ಹಚ್ಚುವ ಸ್ಟೀರಾಯ್ಡ್ ಮಿಶ್ರಿತ ಮುಲಾಮುಗಳು ಇದು ಹಬ್ಬಲು ಒಂದು ದೊಡ್ಡ ಕಾರಣ ಎಂದು ಚರ್ಮ ವೈದ್ಯರು ಹೇಳುತ್ತಾ ಬಂದಿದ್ದಾರೆ. ಮೊದಲೇ ಸರಿಯಾದ ಮದ್ದು ಮಾಡಿದ್ದರೆ ಬೇಗ ಹೋಗಬಹುದಾಗಿದ್ದ ರೋಗಕ್ಕೆ ಈಗ ವಾರಗಟ್ಟಲೆ ಮಾತ್ರೆ ನುಂಗಬೇಕು.

ಮೂರನೆಯದು ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟ, ಗುಪ್ತಾಂಗದ ಬಳಿ ಗುಳ್ಳೆಗಳು ಏಳುತ್ತವೆ. ತುರಿಕೆ ರಾತ್ರಿ ಹೆಚ್ಚು. ಒಂದೇ ರೂಮಿನಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಬಂದರೆ ಮೊದಲು ಇದನ್ನೇ ಸಂಶಯಪಡಬೇಕು. ಸ್ಟೀರಾಯ್ಡ್ ಹಚ್ಚಿದರೆ ಹುಳ ಸಾಯುವುದಿಲ್ಲ, ರೋಗದ ಗುರುತು ಮಾತ್ರ ಮರೆಯಾಗುತ್ತದೆ. ಇದಕ್ಕೆ ವೈದ್ಯರು ಸಾಮಾನ್ಯವಾಗಿ 5 ಪರ್ಸೆಂಟ್ ಪರ್ಮೆಥ್ರಿನ್ ಕ್ರೀಮ್ ಕೊಡುತ್ತಾರೆ. ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ಒಂದು ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ರೂಮಿನಲ್ಲಿರುವ ಎಲ್ಲರೂ ಒಂದೇ ರಾತ್ರಿ ಹಚ್ಚದಿದ್ದರೆ ಪ್ರಯೋಜನವಿಲ್ಲ. ಹಾಸಿಗೆಯ ಬಟ್ಟೆ, ಚಾದರ, ಟವೆಲ್ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು, ಅದಕ್ಕೆ ಹೆದರಬೇಕಿಲ್ಲ.

ಮೂರರಲ್ಲಿ ಒಂದಕ್ಕೆ ಮಾತ್ರ ಸ್ಟೀರಾಯ್ಡ್ ಮದ್ದು. ಯಾವುದು ಯಾವುದೆಂದು ಗಲ್ಲಾದಲ್ಲಿ ಕೂತು ನಾವು ತೀರ್ಮಾನಿಸಲಾಗದು. ಅದು ವೈದ್ಯರ ಕೆಲಸ.

ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ

ಕಂಪೆನಿಯ ದೊಡ್ಡ ಹೆಸರನ್ನು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ನೋಡಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್, ಹೈಡ್ರೋಕಾರ್ಟಿಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಅದರ ಜೊತೆ ಕ್ಲೋಟ್ರಿಮಾಜೋಲ್, ಮೈಕೊನಜೋಲ್, ನಿಯೋಮೈಸಿನ್, ಜೆಂಟಾಮೈಸಿನ್ ಎಂದೆಲ್ಲ ಮೂರು ನಾಲ್ಕು ಹೆಸರು ಇದ್ದರೆ ಅದು ಮಿಶ್ರಣ. ಯಾವ ರೋಗವೆಂದು ಗೊತ್ತಿಲ್ಲದಿದ್ದಾಗ ಎಲ್ಲಕ್ಕೂ ಒಂದೇ ಇರಲಿ ಎಂದು ಕೊಡುವಂಥದ್ದು. ಇಂಥ ಟ್ಯೂಬೇ ಹೆಚ್ಚಾಗಿ ನಮ್ಮ ಡ್ರಾಯರುಗಳಲ್ಲಿ ಇರುವುದು.

ಪರ್ಸೆಂಟಿನ ಅಂಕಿ ನೋಡಿ ಮೋಸ ಹೋಗಬೇಡಿ. ಹೈಡ್ರೋಕಾರ್ಟಿಸೋನ್ 1 ಪರ್ಸೆಂಟ್ ಸೌಮ್ಯ ಮದ್ದು. ಕ್ಲೋಬೆಟಾಸೋಲ್ ಬರೇ 0.05 ಪರ್ಸೆಂಟ್, ಆದರೆ ಅದು ಎಲ್ಲಕ್ಕಿಂತ ಜೋರಿನ ವರ್ಗಕ್ಕೆ ಸೇರಿದ್ದು. ಬೀಟಾಮೆಥಾಸೋನ್, ಮೊಮೆಟಾಸೋನ್ ಸಾಮಾನ್ಯವಾಗಿ ಜೋರಿನವು. ಒಂದು ಹಿಡಿ ಬ್ಯಾಡಗಿ ಮೆಣಸು ಹಾಕಿದರೂ ಬಣ್ಣ ಬರುತ್ತದೆ, ನಾಲ್ಕೇ ಗುಂಟೂರು ಮೆಣಸು ಹಾಕಿದರೆ ಗಿರಾಕಿ ನೀರು ಕೇಳುತ್ತಾನೆ. ಖಾರ ಇರುವುದು ಮೆಣಸಿನ ಜಾತಿಯಲ್ಲಿ.

2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಎಷ್ಟೋ ಕಡೆ ಕೇಳಿದವರಿಗೆ ಕೇಳಿದ ಟ್ಯೂಬ್ ಸಿಗುತ್ತದೆ. ಸಿಗುತ್ತದೆ ಎಂಬ ಕಾರಣಕ್ಕೆ ಅದು ನಿರಪಾಯಿ ಎಂದು ತಿಳಿಯಬಾರದು.

ಎಲ್ಲಿ ಹಚ್ಚುತ್ತೇವೆ ಎಂಬುದೂ ಮುಖ್ಯ

ಮೈಯ ಚರ್ಮ ಎಲ್ಲ ಕಡೆ ಒಂದೇ ದಪ್ಪವಿಲ್ಲ. 1967ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಹೈಡ್ರೋಕಾರ್ಟಿಸೋನ್ ಎಲ್ಲೆಲ್ಲಿ ಎಷ್ಟು ಒಳಗೆ ಇಳಿಯುತ್ತದೆ ಎಂದು ಅಳೆದು ನೋಡಿದರು. ಮುಂಗೈಯಲ್ಲಿ 1 ಪಾಲು ಇಳಿದರೆ ಹಣೆಯಲ್ಲಿ 6 ಪಾಲು, ವೃಷಣದ ಚರ್ಮದಲ್ಲಿ 42 ಪಾಲು ಇಳಿಯಿತು. ಪಾದದಡಿಯಲ್ಲಿ ಮುಂಗೈಯ ಏಳನೇ ಒಂದು ಪಾಲಿನಷ್ಟು ಮಾತ್ರ. ಹಾಗಾಗಿ ದುಡಿದು ಗಟ್ಟಿಯಾದ ಅಂಗೈಗೆ ವೈದ್ಯರು ಕೊಟ್ಟ ಜೋರಿನ ಮುಲಾಮನ್ನು ಮುಖಕ್ಕೆ, ಕಂಕುಳಿಗೆ, ತೊಡೆಸಂದಿಗೆ ಹಚ್ಚಲೇಬಾರದು. ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ಹೆರಿಗೆಯಾದವರ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ತೊಡೆಯಲ್ಲಿ ಬರುತ್ತವೆ. ಆ ಗೆರೆಗಳು ಪೂರ್ತಿ ಅಳಿಸಿಹೋಗುವುದಿಲ್ಲ.

ಇದೇ ಮದ್ದನ್ನು ಮುಖ ಬೆಳ್ಳಗಾಗಲೆಂದು ಹಚ್ಚುವವರೂ ಇದ್ದಾರೆ. ಕೌಂಟರಿನ ಹುಡುಗರು, ನಮ್ಮ ಮನೆಯ ಮಕ್ಕಳು ಯಾರೂ ಇದಕ್ಕೆ ಹೊರತಲ್ಲ. ಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳು ಕಳೆದ ಮೇಲೆ ಮೊಡವೆ, ಕೆಂಪು ನರಗಳು, ಬೇಡದ ಕೂದಲು. ನಿಲ್ಲಿಸಿದರೆ ಮುಖವೆಲ್ಲ ಉರಿ, ಹಚ್ಚಿದರೆ ಮಾತ್ರ ತಂಪು. ಹೀಗೆ ಮುಖ ಮದ್ದಿಗೆ ದಾಸನಾಗುತ್ತದೆ. ಕಣ್ಣಿನ ಸುತ್ತ ಬಹಳ ಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಅಪಾಯ.

ವೈದ್ಯರು ಬರೆದುಕೊಟ್ಟ ಮೇಲೆ ಹೇಗೆ ಹಚ್ಚಬೇಕು?

ಅಳತೆಗೆ ಬೆರಳೇ ಸಾಕು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಹಿಂದೆ ಮುಂದೆ ಎರಡೂ ಕಡೆಗೆ ಅಷ್ಟು ಸಾಕು. ಎರಡು ಕೈಗೆ ಒಂದು ಗ್ರಾಂ. ಅಂದರೆ ದಿನಕ್ಕೊಮ್ಮೆ ಹಚ್ಚಿದರೆ 15 ಗ್ರಾಂ ಟ್ಯೂಬ್ ಎರಡು ವಾರ ಬರಬೇಕು. ನಾಲ್ಕೇ ದಿನದಲ್ಲಿ ಮುಗಿದರೆ ಹೆಚ್ಚಾಯಿತು, ಮೂರು ತಿಂಗಳಾದರೂ ಮುಗಿಯದಿದ್ದರೆ ಹಚ್ಚುತ್ತಿಲ್ಲ ಎಂದರ್ಥ.

ದಿನಕ್ಕೆ ಒಮ್ಮೆ ಅಥವಾ ಹೆಚ್ಚೆಂದರೆ ಎರಡು ಸಲ, ತೆಳುವಾಗಿ, ಇಸುಬು ಇರುವ ಜಾಗಕ್ಕೆ ಮಾತ್ರ. ಹೆಚ್ಚು ಸಲ ಹಚ್ಚಿದರೆ ಬೇಗ ಗುಣವಾಗುವುದಿಲ್ಲ. ಹೋಟೆಲ್ ಕೆಲಸದವರಿಗೆ ರಾತ್ರಿ ಕೆಲಸ ಮುಗಿದು ಕೈ ತೊಳೆದು ಒರೆಸಿದ ಮೇಲೆ ಹಚ್ಚುವುದು ಒಳ್ಳೆಯದು. ಹಚ್ಚಿದ ಕೂಡಲೇ ರಬ್ಬರ್ ಗ್ಲೌಸ್ ಹಾಕಬಾರದು, ಪ್ಲಾಸ್ಟಿಕ್ ಸುತ್ತಬಾರದು. ಮುಚ್ಚಿಟ್ಟರೆ ಮದ್ದು ಹತ್ತು ಪಾಲಿನವರೆಗೂ ಹೆಚ್ಚು ಒಳಗೆ ಇಳಿಯಬಹುದು. ಒಣಗಿ ಬಿರಿದ ಕೈಗೆ ಜಿಡ್ಡಿರುವ ಆಯಿಂಟ್‌ಮೆಂಟ್, ನೀರು ಒಸರುವ ಕೈಗೆ ಕ್ರೀಮ್ ಎಂದು ವೈದ್ಯರು ಬೇರೆ ಬೇರೆ ಕೊಡುತ್ತಾರೆ. ಒಂದರ ಬದಲು ಇನ್ನೊಂದನ್ನು ನಾವಾಗಿ ತರಬಾರದು.

ಎಷ್ಟು ದಿನ ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಕ್ಲೋಬೆಟಾಸೋಲಿನಂಥ ಅತಿ ಜೋರಿನ ಮದ್ದನ್ನು ಒಂದೇ ಸಮನೆ 2 ವಾರಕ್ಕಿಂತ ಹೆಚ್ಚು ಹಚ್ಚಬಾರದು, ವಾರಕ್ಕೆ 50 ಗ್ರಾಂ ಮೀರಬಾರದು ಎಂದು ಅದರ ಚೀಟಿಯಲ್ಲೇ ಇರುತ್ತದೆ. ಗುಣವಾಗುತ್ತಾ ಬಂದಂತೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ದಿನ ಎಂದು ವೈದ್ಯರು ಇಳಿಸುತ್ತಾ ಬರುತ್ತಾರೆ. ಎರಡು ವಾರದಲ್ಲಿ ಗುಣ ಕಾಣದಿದ್ದರೆ ಅದೇ ಟ್ಯೂಬನ್ನು ಮತ್ತೆ ತರದೆ ವೈದ್ಯರ ಬಳಿಗೆ ತಿರುಗಿ ಹೋಗಬೇಕು.

ಹಾಗೆಂದು ಸ್ಟೀರಾಯ್ಡ್ ಎಂಬ ಶಬ್ದಕ್ಕೇ ಬೆಚ್ಚಿ ಮದ್ದು ಬಿಡುವುದೂ ತಪ್ಪು. ವೈದ್ಯರು ಎರಡು ವಾರ ಹೇಳಿದ್ದನ್ನು ಎರಡೇ ದಿನ ಹಚ್ಚಿ ಬಿಟ್ಟರೆ ಇಸುಬು ಒಳಗೇ ಉಳಿದು ಮತ್ತೆ ಕೆರಳುತ್ತದೆ. ಆಗ ಇನ್ನೂ ಜೋರಿನ ಮದ್ದು ಬೇಕಾಗುತ್ತದೆ. ಹೇಳಿದಷ್ಟು, ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದವರಿಗೆ ತೊಂದರೆಯಾಗುವುದು ಅಪರೂಪ.

ಮುಲಾಮಿನ ಜೊತೆ ಚರ್ಮವನ್ನು ಮೆತ್ತಗಿಡುವ ಜಿಡ್ಡೂ ಬೇಕು. ಪೆಟ್ರೋಲಿಯಂ ಜೆಲ್ಲಿ, ತೆಂಗಿನೆಣ್ಣೆ ಯಾವುದಾದರೂ ಆದೀತು. ದಿನಕ್ಕೆ ನಾಲ್ಕೈದು ಸಲ ಹಚ್ಚಬಹುದು. ಸ್ಟೀರಾಯ್ಡಿಗೂ ಇದಕ್ಕೂ ನಡುವೆ ಕಾಲು ಗಂಟೆಯಿಂದ ಅರ್ಧ ಗಂಟೆ ಬಿಡಿ. ಒಂದು ಎಚ್ಚರಿಕೆ: ಜೆಲ್ಲಿ ಹೀರಿದ ಬಟ್ಟೆ, ಬ್ಯಾಂಡೇಜ್ ಬೆಂಕಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ. ಅಂಥ ಪಟ್ಟಿ ಕಟ್ಟಿಕೊಂಡವರನ್ನು ಭಟ್ಟಿಯ ಹತ್ತಿರ ನಿಲ್ಲಿಸಬೇಡಿ.

ಸುಟ್ಟ ಗಾಯಕ್ಕೆ, ಚೂರಿ ತಾಗಿದ ಗಾಯಕ್ಕೆ, ಕೀವು ತುಂಬಿದ ಗುಳ್ಳೆಗೆ ಈ ಮುಲಾಮು ಹಚ್ಚಲೇಬಾರದು. ಎಣ್ಣೆ ಸಿಡಿದು ಸುಟ್ಟರೆ 20 ನಿಮಿಷ ನಳ್ಳಿಯ ಹರಿಯುವ ತಣ್ಣೀರಿನಲ್ಲಿ ಹಿಡಿಯುವುದೇ ಮೊದಲ ಉಪಚಾರ.

ಮಾಲಕರಾದ ನಾವು ಮಾಡಬೇಕಾದ್ದು

ಹುಡುಗರು ಯಾಕೆ ಕದ್ದು ಮುಚ್ಚಿ ಈ ಟ್ಯೂಬ್ ಹಚ್ಚುತ್ತಾರೆ? ಕೈ ತೋರಿಸಿದರೆ ಕೆಲಸ ಹೋದೀತು ಎಂಬ ಹೆದರಿಕೆಯಿಂದ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ಲೈಸೆನ್ಸ್ ನಿಯಮಗಳ ಶೆಡ್ಯೂಲ್ 4ರ ಪ್ರಕಾರ ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಚರ್ಮರೋಗ, ತೆರೆದ ಗಾಯ ಇದ್ದವರು ಆಹಾರ ಮುಟ್ಟಬಾರದು. ನಿಯಮ ಸರಿಯಾದದ್ದೇ. ಬಿರಿದ ಕೈಯಲ್ಲಿ ಕೀವಾದರೆ ಅದರಲ್ಲಿರುವ ರೋಗಾಣು ಚಟ್ನಿಗೆ, ಬೇಳೆಗೆ ಸೇರಿ ಗಿರಾಕಿಗಳಿಗೆ ವಾಂತಿ ಭೇದಿ ತರಬಲ್ಲದು. ಹೆದರಿಸಿ ಮುಚ್ಚಿಡುವಂತೆ ಮಾಡಿದರೆ ಅಪಾಯ ನಮ್ಮ ಅಡುಗೆಮನೆಯಲ್ಲೇ ಉಳಿಯುತ್ತದೆ. ಕೈ ಕೆಟ್ಟವನನ್ನು ಗುಣವಾಗುವ ತನಕ ಒಣ ಕೆಲಸಕ್ಕೆ ಹಾಕಿ. ಟೇಬಲ್ ಲೆಕ್ಕ, ಪಾರ್ಸೆಲ್ ಚೀಟಿ, ಸ್ಟೋರಿನ ಪಟ್ಟಿ, ಮಾಡಿಸಲು ಕೆಲಸ ಇದ್ದೇ ಇದೆ. ಸಂಬಳ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಆಗ ಅವರಾಗಿಯೇ ಬಂದು ತೋರಿಸುತ್ತಾರೆ.

ಮೋರಿಯ ಕೆಲಸವನ್ನು ಒಬ್ಬನ ತಲೆಗೇ ಕಟ್ಟದೆ ಸರದಿ ಮಾಡಿ. ಒಳಗೆ ಹತ್ತಿಯದು, ಮೇಲೆ ರಬ್ಬರಿನದು, ಹೀಗೆ ಎರಡು ಗ್ಲೌಸ್ ಕೊಡಿ. ಒಳಗಿನದು ಬೆವರಿಗೆ ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ ಇರಲಿ. ರೂಮಿನಲ್ಲಿ ಪ್ರತಿಯೊಬ್ಬನಿಗೂ ಅವನದೇ ಟವೆಲ್, ಅವನದೇ ಚಾದರ ಇರಲಿ.

ವೈದ್ಯರ ಖರ್ಚಿನ ಚಿಂತೆ ಬೇಡ. ಮುಂಬಯಿಯ ಕೆ.ಇ.ಎಂ., ಸಯನ್, ನಾಯರ್, ಪುಣೆಯ ಸಸೂನ್, ಹೈದರಾಬಾದಿನ ಉಸ್ಮಾನಿಯಾ, ಚೆನ್ನೈಯ ರಾಜೀವ್ ಗಾಂಧಿ ಸರಕಾರಿ ಆಸ್ಪತ್ರೆ, ದಿಲ್ಲಿಯ ಸಫ್ದರ್‌ಜಂಗ್ ಎಲ್ಲ ಕಡೆಯೂ ಚರ್ಮ ವಿಭಾಗವಿದೆ. ಹುಡುಗನಿಗೆ ಅರ್ಧ ದಿನದ ರಜೆ ಕೊಟ್ಟು, ಭಾಷೆ ಬಾರದವನಾದರೆ ಜೊತೆಗೊಬ್ಬನನ್ನು ಕಳುಹಿಸಿ. ಹಚ್ಚುತ್ತಿದ್ದ ಹಳೆಯ ಟ್ಯೂಬನ್ನು ಎಸೆಯದೆ ತೆಗೆದುಕೊಂಡು ಹೋಗಲು ಹೇಳಿ. ಅದನ್ನು ನೋಡಿದರೆ ವೈದ್ಯರಿಗೆ ಅರ್ಧ ಕತೆ ತಿಳಿಯುತ್ತದೆ.

ನಮ್ಮಲ್ಲಿ ಹೆಚ್ಚಿನವರು ಊರು ಬಿಟ್ಟು ಬಂದಾಗ ಹೋಟೆಲಿನಲ್ಲೇ ಉಂಡು, ಹೋಟೆಲಿನಲ್ಲೇ ಮಲಗಿ, ಮಾಲಕರನ್ನೇ ಮನೆಯ ಹಿರಿಯರೆಂದು ನಂಬಿ ಬೆಳೆದವರು. ಇಂದು ನಮ್ಮ ಅಡುಗೆಮನೆಯಲ್ಲಿ ಒಡಿಶಾ, ಬಿಹಾರ, ನೇಪಾಳದ ಹುಡುಗರಿದ್ದಾರೆ. ಅವರೂ ಹಾಗೆಯೇ ನಂಬಿ ಬಂದವರು. ಬರುವ ಸೋಮವಾರ ಹೋಟೆಲ್ ತೆರೆಯುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಮ್ಮೆ ಕೈ ನೋಡಿ. ರೂಮಿನಲ್ಲಿ ಯಾರಿಗೆ ತುರಿಕೆ ಇದೆ ಎಂದು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು ಕೇಳಿ. ತೊಡೆಸಂದಿನ ರೋಗವನ್ನು ನಾಲ್ಕು ಜನರ ಎದುರು ಯಾರೂ ಹೇಳುವುದಿಲ್ಲ. ಡ್ರಾಯರಿನಲ್ಲಿ ಬ್ಯಾಂಡೇಜ್, ಪೆಟ್ರೋಲಿಯಂ ಜೆಲ್ಲಿ, ಹತ್ತಿರದ ಚರ್ಮ ವೈದ್ಯರ ಫೋನ್ ನಂಬರ್ ಇದ್ದರೆ ಸಾಕು.